ಗೋಡೆ ಹಲವರದು, ಹೆಸರು ಯಾರದು?

ಮೂರು ಮಹಡಿ ಎತ್ತರದ ಗೋಡೆಯ ಮೇಲೆ ಒಬ್ಬರೇ ನಿಂತು ಚಿತ್ರ ಬರೆದು ಮುಗಿಸುವುದು ಬಹಳ ಅಪರೂಪ. ಮೊದಲು ಹಳೆಯ ಸುಣ್ಣ ಕೆರೆಯಬೇಕು, ಬಿರುಕಿಗೆ ಪುಟ್ಟಿ ತುಂಬಬೇಕು, ಪ್ರೈಮರ್ ಬಳಿಯಬೇಕು. ಸಾರವೆ ಕಟ್ಟಬೇಕು, ಇಲ್ಲವೇ ಕ್ರೇನ್ ತರಿಸಬೇಕು. ಕಾಗದದ ಮೇಲಿನ ಸಣ್ಣ ನಕ್ಷೆಯನ್ನು ಚೌಕಳಿ ಹಾಕಿಯೋ ಪ್ರೊಜೆಕ್ಟರ್ ಇಟ್ಟೋ ಗೋಡೆಯ ಅಳತೆಗೆ ಹಿಗ್ಗಿಸಬೇಕು. ಒಬ್ಬರು ಗೆರೆ ಎಳೆದರೆ ಇಬ್ಬರು ಬಣ್ಣ ತುಂಬುತ್ತಾರೆ, ಇನ್ನೊಬ್ಬರು ನೆರಳು ಬೆಳಕು ತಿದ್ದುತ್ತಾರೆ, ಮತ್ತೊಬ್ಬರು ಅಕ್ಷರ ಬರೆಯುತ್ತಾರೆ. ಎಲ್ಲ ಮುಗಿದ ಮೇಲೆ ಸಹಿ ಬೀಳುತ್ತದೆ. ಬಹಳ ಸಲ ಆ ಸಹಿ ಒಬ್ಬರದೇ ಆಗಿರುತ್ತದೆ.

ಬೀದಿ ಕಲೆಯ ಬಗ್ಗೆ ಚರ್ಚೆ ಎದ್ದಾಗಲೆಲ್ಲ ಇದು ಕಲೆಯೋ ಗಲೀಜೋ, ಅನುಮತಿ ಇತ್ತೋ ಇಲ್ಲವೋ ಎಂಬ ಪ್ರಶ್ನೆಗಳೇ ಮುಂದೆ ಬರುತ್ತವೆ. ಜೊತೆಗೂಡಿ ಬರೆದವರ ನಡುವೆ ನ್ಯಾಯ ಹೇಗಿರಬೇಕು ಎಂಬ ಪ್ರಶ್ನೆ ಹಿಂದೆ ಉಳಿದುಬಿಡುತ್ತದೆ. ಈ ನ್ಯಾಯಕ್ಕೆ ಮೂರು ಬಾಬತ್ತುಗಳಿವೆ. ಒಂದು, ಹೆಸರು: ಕೃತಿಯ ಜೊತೆಗೆ ಯಾರ ಯಾರ ಹೆಸರು ಉಳಿಯುತ್ತದೆ? ಎರಡು, ಹಣ: ಕೂಲಿ ಎಷ್ಟು, ಮುಂದೆ ಬರುವ ಲಾಭದಲ್ಲಿ ಪಾಲು ಎಷ್ಟು? ಮೂರು, ಮಾತು: ಆ ಚಿತ್ರವನ್ನು ಬದಲಿಸುವ, ಅಳಿಸುವ, ಮಾರುವ ತೀರ್ಮಾನದಲ್ಲಿ ಯಾರ ಮಾತು ನಡೆಯುತ್ತದೆ? ಕಳೆದ ಐವತ್ತು ವರ್ಷಗಳ ಬೀದಿ ಕಲೆಯ ಚರಿತ್ರೆಯನ್ನು ಈ ಮೂರರ ಬೆಳಕಿನಲ್ಲಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಗೋಡೆಯ ಮುಂದೆ ನಿಂತಿರುವಷ್ಟು ಹೊತ್ತು ಜಗಳ ಕಡಿಮೆ. ಕೃತಿ ಗೋಡೆಯಿಂದ ಗ್ಯಾಲರಿಗೆ, ಹರಾಜು ಕಟ್ಟೆಗೆ, ಜಾಹೀರಾತಿಗೆ ದಾಟುವಾಗಲೇ ಹೆಸರುಗಳು ಉದುರತೊಡಗುತ್ತವೆ.

ರೈಲು ಡಬ್ಬಿಗಳ ಕಾಲದ ಕಟ್ಟಳೆ

1970ರ ದಶಕದ ನ್ಯೂಯಾರ್ಕ್. ಸುರಂಗ ರೈಲುಗಳ ಡಬ್ಬಿಗಳ ಮೇಲೆ ರಾತ್ರೋರಾತ್ರಿ ಹೆಸರು ಬರೆಯುತ್ತಿದ್ದ ಹುಡುಗರು ಗುಂಪು ಕಟ್ಟಿಕೊಂಡಿದ್ದರು. ಆ ಗುಂಪುಗಳಿಗೆ ಕ್ರೂ ಎಂದು ಹೆಸರು. ಲೀ ಕಿನ್ಯೋನೆಸ್ ಇದ್ದ ‘ಫ್ಯಾಬ್ಯುಲಸ್ ಫೈವ್’ ಕ್ರೂ ಹತ್ತು ಡಬ್ಬಿಗಳ ಇಡೀ ರೈಲನ್ನೇ ಬರೆದು ಮುಗಿಸಿತ್ತು. ಅಂಥ ಕೆಲಸ ಒಬ್ಬನಿಂದ ಆಗುವಂಥದಲ್ಲ. ಪಳಗಿದ ಕೈ ಹೊರಗೆರೆ ಎಳೆಯುತ್ತಿತ್ತು, ಹೊಸಬರು ಒಳಗೆ ಬಣ್ಣ ತುಂಬುತ್ತಿದ್ದರು, ಯಾರೋ ಒಬ್ಬರು ಪೊಲೀಸರು ಬರುತ್ತಾರೇನೋ ಎಂದು ಕಾವಲು ನಿಲ್ಲುತ್ತಿದ್ದರು. ಚಿತ್ರದ ಪಕ್ಕದಲ್ಲಿ ಕ್ರೂ ಹೆಸರಿನ ಮೊದಲಕ್ಷರಗಳನ್ನು ಬರೆಯುವುದು, ಜೊತೆಗಿದ್ದವರ ಹೆಸರುಗಳನ್ನು ಸಾಲಾಗಿ ಸೇರಿಸುವುದು ರೂಢಿಯಾಗಿತ್ತು. ಇನ್ನೊಬ್ಬರ ಬರಹದ ಮೇಲೆ ಬರೆಯುವುದು ದೊಡ್ಡ ಅವಮಾನ.

ಇವು ಯಾವ ಪುಸ್ತಕದಲ್ಲೂ ಇಲ್ಲದ ಕಟ್ಟಳೆಗಳು. ಆದರೂ ನಡೆದುಕೊಂಡು ಬಂದವು. ಅಲ್ಲಿ ಹಂಚಿಕೊಳ್ಳಲು ಹಣ ಇರಲಿಲ್ಲ, ಹೆಸರೊಂದೇ ಗಳಿಕೆ. ಹೆಸರೇ ಎಲ್ಲವೂ ಆಗಿದ್ದಲ್ಲಿ ಹೆಸರು ಕದಿಯುವುದು ಸುಲಭವಾಗಿರಲಿಲ್ಲ, ಕದ್ದವನನ್ನು ಬೀದಿ ಸುಮ್ಮನೆ ಬಿಡುತ್ತಿರಲಿಲ್ಲ. ತೊಡಕು ಶುರುವಾದದ್ದು 1980ರ ಆಸುಪಾಸಿನಲ್ಲಿ, ಮ್ಯಾನ್‌ಹಾಟನ್ನಿನ ಗ್ಯಾಲರಿಗಳು ಈ ಹುಡುಗರ ಕೈಗೆ ಕ್ಯಾನ್ವಾಸ್ ಕೊಟ್ಟಾಗ. ಕ್ಯಾನ್ವಾಸ್ ಕೊಳ್ಳುವವರು ಕಲಾವಿದ ಯಾರು ಎಂದು ಏಕವಚನದಲ್ಲೇ ಕೇಳುತ್ತಾರೆ.

ಇಬ್ಬರಿದ್ದಲ್ಲಿ ಒಬ್ಬರು

1978ರ ಹೊತ್ತಿಗೆ ಕೆಳ ಮ್ಯಾನ್‌ಹಾಟನ್ನಿನ ಗೋಡೆಗಳ ಮೇಲೆ ಚುಟುಕಾದ, ಒಗಟಿನಂಥ ಸಾಲುಗಳು ಕಾಣಿಸಿಕೊಂಡವು. ಕೆಳಗೆ ‘ಸೇಮೋ’ ಎಂಬ ಸಹಿ, ಅದರ ಪಕ್ಕದಲ್ಲಿ ಕೃತಿಸ್ವಾಮ್ಯದ ಗುರುತು. ಬರೆಯುತ್ತಿದ್ದವರು ಶಾಲಾ ಗೆಳೆಯರಿಬ್ಬರು: ಜ್ಯಾನ್ ಮಿಶೆಲ್ ಬಾಸ್ಕಿಯಾ ಮತ್ತು ಆಲ್ ಡಿಯಾಜ್. ಅದೇ ವರ್ಷದ ಡಿಸೆಂಬರಿನಲ್ಲಿ ‘ವಿಲೇಜ್ ವಾಯ್ಸ್’ ಪತ್ರಿಕೆ ಸೇಮೋ ಬಗ್ಗೆ ಲೇಖನ ಪ್ರಕಟಿಸಿತು. ಹೆಚ್ಚು ದಿನ ಕಳೆಯುವ ಮೊದಲೇ ಗೆಳೆತನ ಮುರಿಯಿತು. ಸೇಮೋ ಸತ್ತ ಎಂಬ ಬರಹ ಗೋಡೆಗಳ ಮೇಲೆ ಬಂತು. ಬಾಸ್ಕಿಯಾ ಕ್ಯಾನ್ವಾಸಿಗೆ ಹೋದರು, ಜಗತ್ಪ್ರಸಿದ್ಧರಾದರು, 1988ರಲ್ಲಿ ಇನ್ನೂ 27ರ ಹರೆಯದಲ್ಲಿ ತೀರಿಕೊಂಡರು. 2017ರಲ್ಲಿ ಅವರ 1982ರ ಒಂದು ಕ್ಯಾನ್ವಾಸ್ 11 ಕೋಟಿ ಡಾಲರಿಗೂ ಹೆಚ್ಚಿನ ಬೆಲೆಗೆ ಹರಾಜಾಯಿತು. ಇಷ್ಟು ಎತ್ತರಕ್ಕೆ ಬೆಳೆದ ಹೆಸರಿನ ಕೆಳಗೆ ಸೇಮೋ ಎಂಬುದು ಬಾಸ್ಕಿಯಾನ ಬಾಲ್ಯದ ಅಡ್ಡಹೆಸರು ಎಂಬಂತೆ ಜನರ ನೆನಪಿನಲ್ಲಿ ಉಳಿಯಿತು. ಅದು ಇಬ್ಬರ ಕೆಲಸವಾಗಿತ್ತು ಎಂದು ಡಿಯಾಜ್ ದಶಕಗಳ ಕಾಲ ಹೇಳುತ್ತಲೇ ಬರಬೇಕಾಯಿತು. ಕೃತಿಸ್ವಾಮ್ಯದ ಗುರುತನ್ನು ತಮ್ಮ ಸಹಿಯ ಭಾಗವಾಗಿಯೇ ಮಾಡಿಕೊಂಡ ಜೋಡಿಯಲ್ಲೂ ಒಬ್ಬರ ಹೆಸರು ಮರೆಗೆ ಸರಿಯಿತು ಎಂಬುದು ಈ ಕ್ಷೇತ್ರದ ಮೊದಲ ಪಾಠ.

ಎರಡನೆಯ ಜೋಡಿಯ ಕಥೆ ಇನ್ನೂ ಹತ್ತಿರದಿಂದ ನೋಡುವಂಥದು. 1980ರ ದಶಕದ ಆರಂಭ. ಸುರಂಗ ನಿಲ್ದಾಣಗಳ ಕಪ್ಪು ಫಲಕಗಳ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತ ಹೆಸರಾಗುತ್ತಿದ್ದ ಕೀತ್ ಹೇರಿಂಗ್ ಕಣ್ಣಿಗೆ ಲೋಯರ್ ಈಸ್ಟ್ ಸೈಡಿನ ಗೋಡೆಗಳಲ್ಲಿ ‘ಎಲ್‌ಎ 2’ ಎಂಬ ಟ್ಯಾಗ್, ಅಂದರೆ ಬೀದಿ ಸಹಿ, ಬಿತ್ತು. ಅದನ್ನು ಬರೆಯುತ್ತಿದ್ದವನು ಏಂಜೆಲ್ ಆರ್ಟಿಜ್ ಎಂಬ ಹದಿಹರೆಯದ ಹುಡುಗ. ಹೇರಿಂಗ್ ಅವನನ್ನು ಹುಡುಕಿಸಿ ಜೊತೆಗೆ ಕರೆದುಕೊಂಡರು. ಇಬ್ಬರೂ ಸೇರಿ ಫೈಬರ್ ಗ್ಲಾಸಿನ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಮೇಲೆ, ಹೂದಾನಿಗಳ ಮೇಲೆ, ಕೈಗೆ ಸಿಕ್ಕ ವಸ್ತುಗಳ ಮೇಲೆಲ್ಲ ಬರೆದರು. ಆ ಕೃತಿಗಳನ್ನು ನಿಧಾನವಾಗಿ ನೋಡಿದರೆ ಎರಡು ಕೈಗಳೂ ಕಾಣುತ್ತವೆ. ದಪ್ಪ ಗೆರೆಯ ಕುಣಿಯುವ ಮನುಷ್ಯರು, ಬೊಗಳುವ ನಾಯಿಗಳು ಹೇರಿಂಗ್ ಅವರವು. ಆ ಆಕೃತಿಗಳ ನಡುವಿನ ಜಾಗವನ್ನೆಲ್ಲ ತುಂಬಿರುವ ಸುತ್ತು, ಕೊಂಡಿ, ಚೂಪು ತಿರುವುಗಳು ಮತ್ತು ಅವುಗಳೊಳಗೆ ಹೆಣೆದುಕೊಂಡ ಟ್ಯಾಗ್ ಆರ್ಟಿಜ್‌ನದು. ಆ ತುಂಬುಗೆರೆಗಳನ್ನು ತೆಗೆದರೆ ಕೃತಿ ಬರಿದಾಗುತ್ತದೆ. 1982ರ ಅಕ್ಟೋಬರಿನಲ್ಲಿ ಟೋನಿ ಶಾಫ್ರಾಜಿ ಗ್ಯಾಲರಿಯಲ್ಲಿ ನಡೆದ ಹೇರಿಂಗ್ ಅವರ ಹೆಸರಾಂತ ಪ್ರದರ್ಶನದಲ್ಲಿ ಈ ಜಂಟಿ ಕೆಲಸಗಳೂ ಇದ್ದವು. ಹೇರಿಂಗ್ ಬದುಕಿರುವಷ್ಟು ಕಾಲ ಬಂದ ಹಣದಲ್ಲಿ ತನಗೂ ಪಾಲು ಕೊಡುತ್ತಿದ್ದರೆಂದು ಆರ್ಟಿಜ್ ಹೇಳಿಕೊಂಡಿದ್ದಾರೆ.

1990ರ ಫೆಬ್ರವರಿಯಲ್ಲಿ ಹೇರಿಂಗ್ ತೀರಿಕೊಂಡರು. ಬಾಯಿಮಾತಿನ ಒಪ್ಪಂದವೂ ಅವರೊಂದಿಗೇ ಹೋಯಿತು. ಆಮೇಲೆ ಎಷ್ಟೋ ಕಡೆ ಆ ಕೃತಿಗಳು ಹೇರಿಂಗ್ ಹೆಸರೊಂದನ್ನೇ ಹೊತ್ತು ಓಡಾಡಿದವು. ತನ್ನ ಹೆಸರು ಬಿಟ್ಟುಹೋಗುತ್ತಿದೆ, ಪಾಲು ಬರುತ್ತಿಲ್ಲ ಎಂದು ಆರ್ಟಿಜ್ ಮತ್ತು ಅವರ ಪರ ನಿಂತವರು ವರ್ಷಗಟ್ಟಲೆ ಕೂಗಿ ಹೇಳಿದ ಮೇಲೆ ಈಗ ಹಲವು ಪ್ರದರ್ಶನಗಳಲ್ಲಿ ಎರಡೂ ಹೆಸರುಗಳು ಕಾಣುತ್ತಿವೆ. ಹೇರಿಂಗ್ ಮೋಸಗಾರರಾಗಿರಲಿಲ್ಲ ಎಂಬುದೇ ಇಲ್ಲಿ ಗಮನಿಸಬೇಕಾದದ್ದು. ಒಬ್ಬರ ಒಳ್ಳೆಯತನದ ಮೇಲೆ ನಿಂತ ನ್ಯಾಯ ಅವರ ಆಯುಷ್ಯದಷ್ಟೇ ಬಾಳುತ್ತದೆ. ವಯಸ್ಸು, ಬಣ್ಣ, ಓದು, ಗ್ಯಾಲರಿಯ ನಂಟು ಇವುಗಳಲ್ಲಿ ಮೇಲು ಕೀಳು ಇರುವ ಜೋಡಿಗಳಲ್ಲಂತೂ ನಷ್ಟ ಯಾವಾಗಲೂ ಕೆಳಗಿದ್ದವರ ಕಡೆಗೇ ವಾಲುತ್ತದೆ.

ಒಟ್ಟಿನ ಹೆಸರಿನ ದಾರಿ

ಇದಕ್ಕೆ ತದ್ವಿರುದ್ಧವಾದ ಪರಂಪರೆ ಲ್ಯಾಟಿನ್ ಅಮೆರಿಕದಲ್ಲಿ ಬೆಳೆಯಿತು. ಚಿಲಿಯಲ್ಲಿ 1968ರಲ್ಲಿ ಕಮ್ಯುನಿಸ್ಟ್ ಯುವಕರು ಕಟ್ಟಿದ ‘ರಮೋನಾ ಪಾರಾ ಬ್ರಿಗೇಡ್’ ಅದರ ದೊಡ್ಡ ಉದಾಹರಣೆ. 1946ರಲ್ಲಿ ಸಾಂಟಿಯಾಗೋದ ಸಭೆಯೊಂದರಲ್ಲಿ ಗುಂಡಿಗೆ ಬಲಿಯಾದ ತರುಣಿಯ ಹೆಸರು ಅದು. ಈ ಬ್ರಿಗೇಡಿನಲ್ಲಿ ಕೆಲಸ ಹಂಚಿಕೆ ಕಟ್ಟುನಿಟ್ಟಾಗಿತ್ತು: ಆಕೃತಿಯ ಗೆರೆ ಎಳೆಯುವವರು ಒಂದು ತಂಡ, ಹಿನ್ನೆಲೆ ಬಳಿಯುವವರು ಇನ್ನೊಂದು, ಒಳಗೆ ಬಣ್ಣ ತುಂಬುವವರು ಮತ್ತೊಂದು, ಕೊನೆಗೆ ದಪ್ಪ ಕಪ್ಪು ಅಂಚು ಕಟ್ಟುವವರು ಬೇರೆ. ಪೊಲೀಸರು ಬರುವುದರೊಳಗೆ ಮುಗಿಸಬೇಕಾದ ಕೆಲಸ. ಸಹಿ ಮಾತ್ರ ಬ್ರಿಗೇಡಿನದು. 1971ರಲ್ಲಿ ಜಗತ್ತಿಗೇ ಪರಿಚಿತರಾಗಿದ್ದ ಚಿತ್ರಕಾರ ರೊಬೆರ್ತೊ ಮಾತ್ತಾ ಇದೇ ಹುಡುಗರೊಂದಿಗೆ ಸಾಂಟಿಯಾಗೋದ ಲಾ ಗ್ರಾಂಹಾದಲ್ಲಿ ದೊಡ್ಡದೊಂದು ಗೋಡೆಚಿತ್ರ ಬರೆದರು. 1973ರ ಕ್ಷಿಪ್ರಕ್ರಾಂತಿಯ ನಂತರ ಮಿಲಿಟರಿ ಆಡಳಿತದಲ್ಲಿ ಅದರ ಮೇಲೆ ಹತ್ತಕ್ಕೂ ಹೆಚ್ಚು ಪದರ ಬಣ್ಣ ಬಳಿಯಲಾಯಿತು. ಪ್ರಜಾಪ್ರಭುತ್ವ ಮರಳಿದ ಮೇಲೆ ತಜ್ಞರು ಪದರಗಳನ್ನು ಬಿಡಿಸಿ ಚಿತ್ರವನ್ನು ಹೊರತೆಗೆದರು. ಮಾತ್ತಾ ಹೆಸರಿನೊಂದಿಗೆ ಬ್ರಿಗೇಡಿನ ಹೆಸರೂ ಇಂದಿಗೂ ನಿಂತಿದೆ.

ಅಮೆರಿಕದ ಪಶ್ಚಿಮ ಕರಾವಳಿಯ ಗೋಡೆಚಿತ್ರ ಕಲಾವಿದರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಲಾಸ್ ಏಂಜಲೀಸಿನ ನೀರುಗಾಲುವೆಯೊಂದರ ಗೋಡೆಯ ಮೇಲೆ ಜೂಡಿ ಬಾಕಾ ನೇತೃತ್ವದಲ್ಲಿ 1976ರಲ್ಲಿ ಶುರುವಾದ ‘ಗ್ರೇಟ್ ವಾಲ್’ ಹಲವು ಬೇಸಿಗೆಗಳಲ್ಲಿ ಬೆಳೆದು ಅರ್ಧ ಮೈಲಿ ಉದ್ದವಾಯಿತು. ಕೈಜೋಡಿಸಿದವರು 400ಕ್ಕೂ ಹೆಚ್ಚು ಹುಡುಗ ಹುಡುಗಿಯರು. ಅವರಲ್ಲಿ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿ ಬಂದವರೂ ಇದ್ದರು, ಮಾಡಿದ ಕೆಲಸಕ್ಕೆ ಅವರಿಗೆ ಸಂಬಳವಿತ್ತು. ಸ್ಯಾನ್ ಫ್ರಾನ್ಸಿಸ್ಕೋದ ಮಹಿಳಾ ಭವನದ ಮೇಲೆ 1994ರಲ್ಲಿ ಮೂಡಿದ ‘ಮಾಎಸ್ತ್ರಾಪೀಸ್’ ಚಿತ್ರಕ್ಕೆ ಏಳು ಮಂದಿ ಕಲಾವಿದೆಯರು ಸಮಾನ ಕರ್ತೃಗಳು. ಅವರಲ್ಲಿ ಮೀರಾ ದೇಸಾಯಿ ಒಬ್ಬರು. ಆ ಕೃತಿಯ ಬಗ್ಗೆ ಬರೆಯುವವರು ಏಳೂ ಹೆಸರುಗಳನ್ನು ಬರೆಯುತ್ತಾರೆ. ಜಾಗ ಸಾಲದು ಎಂಬ ನೆಪಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಒಟ್ಟು ಹೆಸರಿಗೂ ಅದರದೇ ಆದ ಅಪಾಯವಿದೆ. ಬ್ರಿಗೇಡ್, ಸಮುದಾಯ, ತಂಡ ಎಂಬ ಪದಗಳು ಬಿಡಿ ಮನುಷ್ಯರನ್ನು ನುಂಗಬಲ್ಲವು. ಸರ್ವಾಧಿಕಾರದ ಕಾಲದಲ್ಲಿ ಬಿಡಿ ಹೆಸರು ಮುಚ್ಚಿಡುವುದೇ ರಕ್ಷಣೆಯಾಗಿತ್ತು. ಇಂದು ನಾಯಕರ ಹೆಸರು ಮಾತ್ರ ಮುದ್ರಿಸಿ, ಉಳಿದವರನ್ನು ‘ಸ್ಥಳೀಯ ಯುವಕರ ಸಹಕಾರದಿಂದ’ ಎಂಬ ಒಂದೇ ಸಾಲಿನಲ್ಲಿ ಮುಗಿಸಿದರೆ ಅದು ರಕ್ಷಣೆಯಲ್ಲ, ವಂಚನೆ. ಆ ಯುವಕರಲ್ಲಿ ಯಾರೋ ಒಬ್ಬರಿಗೆ ನಾಳೆ ಕೆಲಸ ಕೇಳಿಕೊಂಡು ಹೋಗುವಾಗ ಆ ಹೆಸರೇ ಆಧಾರ.

ಕಾನೂನು ಏನು ಹೇಳುತ್ತದೆ

ಈ ವಿಷಯದಲ್ಲಿ ಅತಿ ಹೆಚ್ಚು ಉಲ್ಲೇಖವಾಗುವುದು ನ್ಯೂಯಾರ್ಕಿನ ‘5ಪಾಯಿಂಟ್ಸ್’ ಪ್ರಕರಣ. ಕ್ವೀನ್ಸ್‌ನ ಹಳೆಯ ಕಾರ್ಖಾನೆ ಕಟ್ಟಡಗಳ ಮೇಲೆ ಮಾಲೀಕರ ಒಪ್ಪಿಗೆಯಿಂದಲೇ ನೂರಾರು ಕಲಾವಿದರು ಬರೆಯುತ್ತಿದ್ದರು. ಯಾವ ಗೋಡೆ ಯಾರಿಗೆ, ಎಷ್ಟು ದಿನಕ್ಕೆ ಎಂಬುದನ್ನು ಜೊನಾಥನ್ ಕೋಹೆನ್ ಎಂಬ ಕಲಾವಿದ ನೋಡಿಕೊಳ್ಳುತ್ತಿದ್ದರು. 2013ರ ನವೆಂಬರಿನ ಒಂದು ರಾತ್ರಿ ಮಾಲೀಕರು ಎಲ್ಲದರ ಮೇಲೂ ಬಿಳಿ ಬಣ್ಣ ಹೊಡೆಸಿದರು. 2018ರಲ್ಲಿ ನ್ಯಾಯಾಲಯ 21 ಕಲಾವಿದರ 45 ಕೃತಿಗಳಿಗೆ ತಲಾ ಒಂದೂವರೆ ಲಕ್ಷ ಡಾಲರಿನಂತೆ ಒಟ್ಟು 67.5 ಲಕ್ಷ ಡಾಲರ್ ಪರಿಹಾರ ವಿಧಿಸಿತು. 2020ರಲ್ಲಿ ಮೇಲ್ಮನವಿಯಲ್ಲೂ ತೀರ್ಪು ಉಳಿಯಿತು. ಈ ಪ್ರಕರಣವನ್ನು ಕಟ್ಟಡದ ಮಾಲೀಕರ ವಿರುದ್ಧ ಕಲಾವಿದರ ಗೆಲುವು ಎಂದು ಓದುವುದು ವಾಡಿಕೆ. ನಮ್ಮ ಪ್ರಶ್ನೆಯ ದೃಷ್ಟಿಯಿಂದ ಇನ್ನೊಂದು ಸಂಗತಿ ಮುಖ್ಯ. ಲೆಕ್ಕ ನಡೆದದ್ದು ಕೃತಿಯ ಮೇಲೆ ಕೃತಿ, ಹೆಸರಿನ ಮೇಲೆ ಹೆಸರು. ಯಾವ ಚಿತ್ರ ಯಾರದೆಂದು ತೋರಿಸಲು ಸಾಧ್ಯವಾದ್ದರಿಂದಲೇ ಪರಿಹಾರ ಅವರವರ ಪಾಲಿಗೆ ತಲುಪಿತು.

ಆ ತೀರ್ಪಿಗೆ ಆಧಾರವಾದ ಅಮೆರಿಕದ 1990ರ ದೃಶ್ಯ ಕಲಾವಿದರ ಹಕ್ಕುಗಳ ಕಾಯಿದೆಯಲ್ಲಿ ಜೊತೆಗೂಡಿ ಬರೆಯುವವರು ತಪ್ಪದೇ ತಿಳಿದಿರಬೇಕಾದ ಒಂದು ಸಾಲಿದೆ. ಜಂಟಿ ಕೃತಿಯಲ್ಲಿ ಒಬ್ಬ ಕಲಾವಿದ ತನ್ನ ಹಕ್ಕನ್ನು ಲಿಖಿತವಾಗಿ ಬಿಟ್ಟುಕೊಟ್ಟರೆ ಉಳಿದವರ ಹಕ್ಕೂ ಹೋದಂತೆಯೇ ಲೆಕ್ಕ. ಒಬ್ಬರ ಸಹಿಗೆ ಎಲ್ಲರೂ ತಲೆಕೊಡಬೇಕು. ಹೀಗಾಗಿ ಗುಂಪಿನೊಳಗಿನ ಒಪ್ಪಂದ ಹೊರಗಿನ ಒಪ್ಪಂದದಷ್ಟೇ ಮುಖ್ಯ.

ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆ ಜಂಟಿ ಕರ್ತೃತ್ವವನ್ನು ಒಪ್ಪುತ್ತದೆ, ಆದರೆ ಒಬ್ಬರ ಕೊಡುಗೆ ಇನ್ನೊಬ್ಬರದರಿಂದ ಬೇರ್ಪಡಿಸಲು ಬಾರದಂತಿರಬೇಕು ಎನ್ನುತ್ತದೆ. ಕಾಯಿದೆಯ 17ನೇ ವಿಧಿಯ ಪ್ರಕಾರ, ಹಣ ಕೊಟ್ಟು ಚಿತ್ರ ಬರೆಸಿದರೆ ಬೇರೆ ಒಪ್ಪಂದ ಇಲ್ಲದಿದ್ದಲ್ಲಿ ಮೊದಲ ಹಕ್ಕುದಾರರು ಬರೆಸಿದವರೇ. ಗೋಡೆಚಿತ್ರಕ್ಕೆ ಗುತ್ತಿಗೆ ಪಡೆಯುವ ಬಹಳ ಮಂದಿ ಕಲಾವಿದರಿಗೆ ಈ ವಿಧಿಯ ಪರಿಚಯವೇ ಇಲ್ಲ. ಹಕ್ಕು ಕೈಬಿಟ್ಟ ಮೇಲೂ ಉಳಿಯುವುದು 57ನೇ ವಿಧಿ ಕೊಡುವ ವಿಶೇಷ ಹಕ್ಕು: ಇದು ನನ್ನ ಕೃತಿ ಎಂದು ಹೇಳಿಕೊಳ್ಳುವುದು, ತನ್ನ ಗೌರವಕ್ಕೆ ಕುಂದು ಬರುವಂತೆ ಕೃತಿಯನ್ನು ಕೆಡಿಸಿದರೆ ಪ್ರಶ್ನಿಸುವುದು. ದೆಹಲಿಯ ವಿಜ್ಞಾನ ಭವನದಿಂದ 1979ರಲ್ಲಿ ಕಿತ್ತುಹಾಕಿದ ತಮ್ಮ ಕಂಚಿನ ಭಿತ್ತಿಶಿಲ್ಪಕ್ಕಾಗಿ ಅಮರನಾಥ ಸೆಹಗಲ್ ಹೋರಾಡಿದ್ದು ಇದೇ ವಿಧಿ ಹಿಡಿದು. 2005ರಲ್ಲಿ ದೆಹಲಿ ಹೈಕೋರ್ಟ್ ಶಿಲ್ಪದ ಉಳಿದ ಭಾಗಗಳನ್ನು ಹಿಂದಿರುಗಿಸಬೇಕೆಂದೂ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದೂ ಸರ್ಕಾರಕ್ಕೆ ಆದೇಶಿಸಿತು. ಹೆಸರು ಹೇಳಿಕೊಳ್ಳುವ ಹಕ್ಕು ದಾನವಾಗಿ ಬಂದದ್ದಲ್ಲ, ಕಾನೂನಿನಲ್ಲೇ ಇದೆ. ಆದರೆ ನ್ಯಾಯಾಲಯಕ್ಕೆ ಹೋಗುವ ಚೈತನ್ಯ ದಿನಗೂಲಿಗೆ ಬಣ್ಣ ತುಂಬುವವರಿಗೆ ಎಲ್ಲಿದೆ?

ನಮ್ಮ ಗೋಡೆಗಳು

ಸಾಮೂಹಿಕ ಕೆಲಸದಲ್ಲಿ ಬಿಡಿ ಹೆಸರು ಉಳಿಸುವ ರೂಢಿ ಕನ್ನಡ ನಾಡಿಗೆ ಹೊಸದಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕಡೆದ ಶಿಲ್ಪಗಳ ಕೆಳಗೆ ಹೆಸರು ಕೊರೆದರು. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಸಿಗುತ್ತದೆ. ನೂರಾರು ಕೈಗಳು ದುಡಿದ ಗುಡಿಯಲ್ಲಿ, ಕಟ್ಟಿಸಿದ ಅರಸು, ದಂಡನಾಯಕರ ಹೆಸರಿನ ಜೊತೆಗೇ ಕಡೆದವರ ಹೆಸರಿಗೂ ಜಾಗ ಸಿಕ್ಕಿತ್ತು.

ಎಂಟು ಶತಮಾನಗಳ ನಂತರದ ಬೆಂಗಳೂರಿಗೆ ಬರೋಣ. ಸಿನಿಮಾ ಕಟೌಟು, ಬ್ಯಾನರು ಬರೆಯುತ್ತಿದ್ದ ಕಲಾವಿದರ ಅನ್ನವನ್ನು ಫ್ಲೆಕ್ಸ್ ಕಿತ್ತುಕೊಂಡಿತ್ತು. 2009ರಲ್ಲಿ ಬಿಬಿಎಂಪಿ ನಗರದ ಗೋಡೆಗಳಲ್ಲಿ ಪೋಸ್ಟರ್ ಹಾವಳಿ ತಡೆಯಲು ಇದೇ ಕಲಾವಿದರನ್ನು ಕರೆಸಿ ನಾಡಿನ ಸ್ಮಾರಕ, ಕಾಡುಪ್ರಾಣಿ, ಜನಪದ ಕಲೆಗಳ ಚಿತ್ರ ಬರೆಸಿತು. ಕೆಲಸ ಸಿಕ್ಕಿತು, ಅದು ದೊಡ್ಡದೇ. ಆದರೆ ಊರಿನ ಬಾಯಲ್ಲಿ ಅವು ಕೊನೆಯವರೆಗೂ ‘ಬಿಬಿಎಂಪಿ ಚಿತ್ರಗಳು’. ಕಲಾ ವಿಮರ್ಶೆಯ ದೃಷ್ಟಿಯಿಂದ ಆ ಚಿತ್ರಗಳನ್ನು ಟೀಕಿಸಿದವರೂ, ಬೆರಗಿನಿಂದ ನೋಡಿದವರೂ ಬರೆದವರು ಯಾರೆಂದು ಕೇಳಿದ್ದು ಕಡಿಮೆ.

ಇದಕ್ಕೆ ಪರಿಹಾರವಿಲ್ಲ ಎನ್ನುವಂತಿಲ್ಲ. 2024ರಲ್ಲಿ ತೀರಿಕೊಂಡ ಕಲಾವಿದ ಹನೀಫ್ ಕುರೇಶಿ ‘ಹ್ಯಾಂಡ್‌ಪೇಂಟೆಡ್ ಟೈಪ್’ ಯೋಜನೆಯಲ್ಲಿ ಬೋರ್ಡ್ ಪೇಂಟರುಗಳ ಅಕ್ಷರಶೈಲಿಗಳನ್ನು ಕಂಪ್ಯೂಟರ್ ಫಾಂಟುಗಳಾಗಿ ಉಳಿಸಿದರು. ಪ್ರತಿ ಫಾಂಟಿಗೆ ಆ ಪೇಂಟರಿನ ಹೆಸರನ್ನೇ ಇಟ್ಟರು: ಪೇಂಟರ್ ಕಫೀಲ್, ಪೇಂಟರ್ ಉಮೇಶ್. ಫಾಂಟ್ ಬಳಸುವವರೆಲ್ಲ ಆ ಹೆಸರನ್ನು ಆರಿಸಿಯೇ ಮುಂದುವರಿಯಬೇಕು. ಬೆಂಗಳೂರಿನಲ್ಲಿ ಪೂರ್ಣಿಮಾ ಸುಕುಮಾರ್ 2016ರಲ್ಲಿ ಆರಂಭಿಸಿದ ‘ಅರವಾಣಿ ಆರ್ಟ್ ಪ್ರಾಜೆಕ್ಟ್’ ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರನ್ನು ಚಿತ್ರದ ವಸ್ತುವಾಗಿಸದೆ ಚಿತ್ರ ಬರೆಯುವವರನ್ನಾಗಿಸಿತು. ಯಾರ ಬದುಕು ಗೋಡೆಯ ಮೇಲಿದೆಯೋ ಅವರ ಕೈಯಲ್ಲೇ ಕುಂಚ ಇರುವುದು ನ್ಯಾಯದ ಬಹು ದೊಡ್ಡ ಹೆಜ್ಜೆ.

ಬೀದಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಅವರ ಕೆಲಸಗಳು ಮತ್ತೊಂದು ಬಗೆಯ ಸಹಯೋಗಕ್ಕೆ ಮಾದರಿ. 2019ರ ಸೆಪ್ಟೆಂಬರಿನಲ್ಲಿ, ಚಂದ್ರಯಾನ-2ರ ಇಳಿಯುವಿಕೆಗೆ ದೇಶ ಕಾದಿದ್ದ ದಿನಗಳಲ್ಲಿ, ಅವರು ಮಾಡಿದ ವಿಡಿಯೊದಲ್ಲಿ ಬೆಂಗಳೂರಿನ ಗುಂಡಿಬಿದ್ದ ರಸ್ತೆಯ ಮೇಲೆ, ಚಂದ್ರನ ಮೇಲೆಂಬಂತೆ, ಗಗನಯಾನಿಯ ಉಡುಪಿನಲ್ಲಿ ನಡೆದವರು ನಟ ಪೂರ್ಣಚಂದ್ರ ಮೈಸೂರು. ನಡೆಯುವ ದೇಹ, ಹಿಡಿಯುವ ಕ್ಯಾಮೆರಾ, ಕಲ್ಪಿಸುವ ಮನಸ್ಸು ಸೇರಿದಾಗಲೇ ಅದು ಕೃತಿ. ವಿಡಿಯೊ ಜಗತ್ತು ಸುತ್ತಿದಾಗ ನಟನ ಹೆಸರೂ ಪತ್ರಿಕೆಗಳಲ್ಲಿ ಬಂದದ್ದು ಸರಿಯಾದ ರೂಢಿ. ಛಾಯಾಗ್ರಾಹಕರ ವಿಷಯವೂ ಇಷ್ಟೇ. ನ್ಯೂಯಾರ್ಕಿನ ರೈಲುಚಿತ್ರಗಳಲ್ಲಿ ಇಂದು ಒಂದೂ ಉಳಿದಿಲ್ಲ. ಅವು ಬದುಕಿರುವುದು ಮಾರ್ತಾ ಕೂಪರ್, ಹೆನ್ರಿ ಚಾಲ್‌ಫಾಂಟ್ 1984ರಲ್ಲಿ ತಂದ ‘ಸಬ್‌ವೇ ಆರ್ಟ್’ ಪುಸ್ತಕದಂಥ ಕಡೆ. ಫೋಟೊ ತೆಗೆದವರು ಬರೆದವರ ಹೆಸರು ಹೇಳಬೇಕು, ಬರೆದವರು ಫೋಟೊ ತೆಗೆದವರ ಹೆಸರು ಹೇಳಬೇಕು.

ಅಳಿಸುವ ಹಕ್ಕು

ಮೂರನೆಯ ಬಾಬತ್ತು, ತೀರ್ಮಾನದ ಮಾತು, ಇನ್ನೂ ಕಗ್ಗಂಟಾಗಿಯೇ ಇದೆ. ಬರ್ಲಿನ್ನಿನ ಕ್ರಾಯ್ಟ್ಸ್‌ಬರ್ಗಿನಲ್ಲಿ ಇಟಲಿಯ ಕಲಾವಿದ ಬ್ಲೂ ಬರೆದ ಎರಡು ಬೃಹತ್ ಚಿತ್ರಗಳಿದ್ದವು. ಒಂದರಲ್ಲಿ ಫ್ರಾನ್ಸಿನ ಜೆಆರ್ ಕೂಡ ಕೈಜೋಡಿಸಿದ್ದರು. ಜಾಗದ ಬೆಲೆ ಏರಿಸಲು ಕಟ್ಟಡದವರು ಆ ಚಿತ್ರಗಳ ಹೆಸರು ಬಳಸಬಾರದೆಂದು 2014ರ ಡಿಸೆಂಬರಿನಲ್ಲಿ ಬ್ಲೂ ಒಪ್ಪಿಗೆಯಿಂದ ಅವೆರಡರ ಮೇಲೂ ಕಪ್ಪು ಬಣ್ಣ ಬಳಿಯಲಾಯಿತು. 2016ರಲ್ಲಿ ಬೊಲೋನ್ಯಾದಲ್ಲೂ, ಗೋಡೆಗಳಿಂದ ಕಿತ್ತ ಚಿತ್ರಗಳನ್ನು ಪ್ರದರ್ಶನಕ್ಕಿಡಲು ಹೊರಟಿದ್ದನ್ನು ಖಂಡಿಸಿ ಬ್ಲೂ ಸ್ಥಳೀಯರ ಜೊತೆ ಸೇರಿ ತಮ್ಮ ಚಿತ್ರಗಳನ್ನು ತಾವೇ ಅಳಿಸಿದರು. ಪ್ರತಿಭಟನೆಯಾಗಿ ಇವು ಗೌರವಕ್ಕೆ ಅರ್ಹ. ಆದರೂ ಪ್ರಶ್ನೆ ಉಳಿಯುತ್ತದೆ: ಹಲವರು ಬೆವರು ಸುರಿಸಿದ ಗೋಡೆಯನ್ನು ಒಬ್ಬರ ಮಾತಿನ ಮೇಲೆ ಅಳಿಸಬಹುದೇ? ಮೊದಲೇ ಎಲ್ಲರೂ ಒಪ್ಪಿದ್ದರೆ ಆಗಬಹುದು, ಇಲ್ಲದಿದ್ದರೆ ಆಗಕೂಡದು ಎಂಬುದು ನನ್ನ ಅಭಿಪ್ರಾಯ. ಕೃತಿಯನ್ನು ಮಾರುವ ಹಕ್ಕು ಹೇಗೆ ಹಂಚಿಕೆಯಾಗಬೇಕೋ ಅಳಿಸುವ ಹಕ್ಕೂ ಹಾಗೆಯೇ ಹಂಚಿಕೆಯಾಗಬೇಕು.

ಮಾಡಬೇಕಾದದ್ದು

ಇಷ್ಟು ದೂರದ, ಇಷ್ಟು ಬಗೆಯ ಉದಾಹರಣೆಗಳು ಒಂದೇ ಕಡೆಗೆ ಕೈತೋರುತ್ತವೆ. ಹಂಚಿಕೆಯ ಮಾತು ಮೊದಲ ಕೋಟ್ ಬಣ್ಣಕ್ಕಿಂತ ಮುಂಚೆ ಆಗಬೇಕು, ಬರಹದಲ್ಲಿ ಇರಬೇಕು. ಒಂದು ಪುಟ ಸಾಕು. ಕಲ್ಪನೆ ಯಾರದು, ಗೆರೆ ಯಾರದು, ಬಣ್ಣ ಯಾರದು, ಅಕ್ಷರ ಯಾರದು. ಕೂಲಿ ಎಷ್ಟು, ಯಾವಾಗ. ಚಿತ್ರ ಕ್ಯಾಲೆಂಡರ್, ಅಂಗಿ, ಜಾಹೀರಾತಿಗೆ ಹೋದರೆ ಪಾಲು ಎಷ್ಟು. ಒಬ್ಬರು ತಂಡ ಬಿಟ್ಟರೆ ಹಳೆಯ ಕೆಲಸಗಳಲ್ಲಿ ಅವರ ಹೆಸರು ಉಳಿಯುತ್ತದೆಯೇ. ಅಳಿಸಲು, ತಿದ್ದಲು ಯಾರ ಒಪ್ಪಿಗೆ ಬೇಕು.

ಪಾಲು ಎಲ್ಲರಿಗೂ ಸಮ ಇರಬೇಕೆಂದೇನಿಲ್ಲ. ವರ್ಷಗಟ್ಟಲೆ ಕೈ ಪಳಗಿಸಿ ಕಲ್ಪನೆ ಕಟ್ಟಿದವರಿಗೂ ಎರಡು ದಿನ ಬಣ್ಣ ತುಂಬಿದವರಿಗೂ ಹಣದಲ್ಲಿ ವ್ಯತ್ಯಾಸ ಇರುವುದು ನ್ಯಾಯವೇ. ಹೆಸರಿನ ಲೆಕ್ಕ ಬೇರೆ. ಇನ್ನೊಬ್ಬರ ಹೆಸರು ಬರೆದರೆ ನಮ್ಮ ಹೆಸರಿನ ಒಂದು ಅಕ್ಷರವೂ ಸವೆಯುವುದಿಲ್ಲ. ಆದ್ದರಿಂದ ಹಣದಲ್ಲಿ ತರತಮ ಇರಲಿ, ಹೆಸರಿನಲ್ಲಿ ಯಾರೂ ಬಿಟ್ಟುಹೋಗದಿರಲಿ.

ಗೋಡೆ ಬರೆಸುವ ನಗರಪಾಲಿಕೆಗಳು, ಕಂಪನಿಗಳು, ಶಾಲೆಗಳು, ಉತ್ಸವ ಸಮಿತಿಗಳು ಇದನ್ನು ಕಲಾವಿದರ ಒಳಜಗಳ ಎಂದು ಬದಿಗಿಡಬಾರದು. ಗುತ್ತಿಗೆ ಪತ್ರದಲ್ಲಿ ಬಣ್ಣದ ಲೀಟರು, ಗೋಡೆಯ ಚದರಡಿ ನಮೂದಿಸುವವರು ಕೆಲಸ ಮಾಡಿದ ಎಲ್ಲರ ಹೆಸರನ್ನೂ ನಮೂದಿಸಲಿ, ಆ ಪಟ್ಟಿ ಗೋಡೆಯ ಮೇಲೆ ಬರುವವರೆಗೆ ಕೊನೆಯ ಕಂತು ಪಾವತಿಸದಿರಲಿ. ಪತ್ರಿಕೆಗಳು ಆ ಪಟ್ಟಿಯನ್ನು ಕತ್ತರಿಸದೆ ಅಚ್ಚು ಹಾಕಲಿ.